ತವರಿಗೆ ಹೋದ ಗರ್ಭಿಣಿ ಯಾರ ಲೆಕ್ಕದಲ್ಲಿದ್ದಾಳೆ?

— ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ ಎಂದು 2019ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ವಿವರ 21 ದಿನದೊಳಗೆ ನೋಂದಣಿಯಾಗಬೇಕು, ಆಗುತ್ತಲೂ ಇದೆ. 2023ರ ಅಕ್ಟೋಬರ್ 1ರಿಂದ ತಿದ್ದುಪಡಿ ಕಾಯ್ದೆ ಜಾರಿಯಾದ ಮೇಲೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ ಸೇರಲು, ಡ್ರೈವಿಂಗ್ ಲೈಸೆನ್ಸಿಗೆ, ಮತದಾರರ ಪಟ್ಟಿಗೆ ಜನನ ಪ್ರಮಾಣಪತ್ರವೇ ಆಧಾರ. ಅದನ್ನು ಮಾಡಿಸದೆ ಬಿಡುವ ತಂದೆತಾಯಿ ಬನಶಂಕರಿಯಲ್ಲಿ, ಬಿಟಿಎಂ ಲೇಔಟಿನಲ್ಲಿ ಎಷ್ಟು ಜನ ಸಿಕ್ಕಾರು? ಇಷ್ಟಿದ್ದೂ ಲೆಕ್ಕ ಸರಿಯಿಲ್ಲ ಎನ್ನುತ್ತೀರಲ್ಲ ಸರ್, ಯಾವ ಆಧಾರದ ಮೇಲೆ?

— ಹುಟ್ಟಿದ ಮಕ್ಕಳ ಎಣಿಕೆ ಬಹುಮಟ್ಟಿಗೆ ಸರಿಯಾಗಿದೆ ಡಾಕ್ಟ್ರೇ, ಅದರ ಬಗ್ಗೆ ನನ್ನ ತಕರಾರಿಲ್ಲ. 1951-52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ಬೆಂಗಳೂರು ನಗರದಲ್ಲೂ ಆಗಿನ ಮೈಸೂರು ಸಂಸ್ಥಾನದ ಹಳ್ಳಿಗಳಲ್ಲೂ ಜನಸಂಖ್ಯಾ ಅಧ್ಯಯನ ನಡೆಸಿದಾಗ, ಜನನ ರಿಜಿಸ್ಟರನ್ನು ನಂಬಿ ಕೂರುವ ಸ್ಥಿತಿ ಇರಲಿಲ್ಲ. ಮನೆಮನೆಗೆ ಹೋಗಿಯೇ ಕೇಳಬೇಕಾಯಿತು. ಅಲ್ಲಿಂದ ಇಲ್ಲಿಯವರೆಗೆ ನಾವು ಬಂದಿರುವ ದೂರ ಕಡಿಮೆಯದಲ್ಲ. ಆದರೆ ಜನನ ನೋಂದಣಿ ಎಣಿಸುವುದು ಹುಟ್ಟನ್ನು, ಬಸಿರನ್ನಲ್ಲ. ಬಸಿರಿನ ಲೆಕ್ಕ ಬೇರೆ ಕಡೆ ಇದೆ, ಅದೂ ಒಂದೇ ಕಡೆ ಇಲ್ಲ. ಜೆ.ಪಿ. ನಗರದಲ್ಲಿ ಒಬ್ಬಳು ಗರ್ಭಿಣಿಯಾದರೆ ಮೊದಲ ಸ್ಕ್ಯಾನಿಂಗಿನಲ್ಲಿ, ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಫಾರಂ ಎಫ್ ಭರ್ತಿಯಾಗುತ್ತದೆ. ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಆಗಿ, ತಾಯಿ-ಮಗುವಿನ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಒಂದು ಸಂಖ್ಯೆ ಬೀಳುತ್ತದೆ. ಹೆರಿಗೆ ವಾರ್ಡಿನ ರಿಜಿಸ್ಟರಿನಲ್ಲಿ ಅವಳು ಇನ್ನೊಂದು ಸಾಲು. ಜನನ ನೋಂದಣಿಯ ಇ-ಜನ್ಮ ತಂತ್ರಾಂಶದಲ್ಲಿ ಮಗು ಮತ್ತೊಂದು ಸಾಲು. ಲಸಿಕೆ ಶುರುವಾದಾಗ ಯು-ವಿನ್‌ನಲ್ಲಿ ಮಗದೊಂದು. ಒಂದೇ ಬಸಿರಿನ ಕಥೆ ಐದು ಪುಸ್ತಕದಲ್ಲಿ ಹರಿದು ಹಂಚಿಹೋಗಿದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬಲ್ಲವರು ಯಾರೂ ಇಲ್ಲ. ಹೀಗೆ ಹರಿದಾಗ ಕಳೆದುಹೋಗುವ ಪುಟಗಳು ಯಾರ್‍ಯಾರವೋ ಅಲ್ಲ, ಹೆಚ್ಚು ಅಪಾಯದಲ್ಲಿರುವ ಹೆಂಗಸರವೇ. ನನ್ನ ಮಾತಿನ ತಿರುಳು ಅಷ್ಟೇ.

— ಅದು ಹೇಗೆ? ತಪ್ಪು ಎಂದರೆ ಎಲ್ಲರ ಹೆಸರಲ್ಲೂ ಒಂದಿಷ್ಟು ಆಗುತ್ತದೆ. ಒಟ್ಟು ಕೂಡಿದಾಗ ಹೆಚ್ಚುಕಮ್ಮಿ ಸರಿಹೋಗುವುದಿಲ್ಲವೇ?

— ಎಲ್ಲರ ಮೇಲೂ ಸಮನಾಗಿ ಬೀಳುವ ತಪ್ಪಾಗಿದ್ದರೆ ಸರಿಹೋಗುತ್ತಿತ್ತು. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯನ್ನೇ ತೆಗೆದುಕೊಳ್ಳಿ. ಸೀಮಂತ ಮುಗಿಸಿ ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಹಾಸನಕ್ಕೆ, ಚಾಮರಾಜನಗರಕ್ಕೆ, ರಾಯಚೂರಿಗೆ ಹೊರಟವಳ ತಾಯಿ ಕಾರ್ಡ್ ಬಿಟಿಎಂ ಲೇಔಟಿನದು, ಹೆರಿಗೆ ಅಲ್ಲಿಯದು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹುಟ್ಟನ್ನು ಅದು ನಡೆದ ಸ್ಥಳದಲ್ಲೇ ಬರೆಯಬೇಕು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯೇ. ಆದರೆ ಇಲ್ಲಿಯ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಒಬ್ಬಳು ಗರ್ಭಿಣಿ ಇದ್ದಕ್ಕಿದ್ದಂತೆ ಇಲ್ಲವಾಗುತ್ತಾಳೆ. ಅಲ್ಲಿಯ ಆಶಾಗೆ ಹಿಂದುಮುಂದು ಗೊತ್ತಿಲ್ಲದ ಒಬ್ಬಳು ತುಂಬುಗರ್ಭಿಣಿ ಬಂದಿಳಿಯುತ್ತಾಳೆ. ಕಾರ್ಡ್ ತಂದಿದ್ದರೆ, ಅದರ ಸಂಖ್ಯೆಯನ್ನು ಅಲ್ಲಿ ಯಾರಾದರೂ ಹುಡುಕಿ ಮುಂದುವರಿಸಿದರೆ ಎಲ್ಲವೂ ಸರಿ. ತಾರದಿದ್ದರೆ ಹೊಸ ನೋಂದಣಿ. ಒಬ್ಬಳೇ ಹೆಂಗಸು ಎರಡು ಬಸಿರಾಗಿ ಲೆಕ್ಕಕ್ಕೆ ಬರುತ್ತಾಳೆ. ಕಂಪ್ಯೂಟರ್ ಕೆಲಸದ ಸಂಬಳವಿರುವ ದಂಪತಿ ಜಯನಗರದ ಒಂದೇ ಆಸ್ಪತ್ರೆಯಲ್ಲಿ ಆರನೇ ವಾರದಿಂದ ಹೆರಿಗೆಯವರೆಗೆ ತೋರಿಸಿಕೊಳ್ಳುತ್ತಾರೆ, ಅವರ ಫೈಲ್ ಪೂರ್ತಿ ಇರುತ್ತದೆ. ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವವಳು, ಕಟ್ಟಡ ಏಳುತ್ತಿರುವ ಸೈಟಿನ ಶೆಡ್‌ನಲ್ಲಿರುವವಳು ಐದು ತಿಂಗಳಲ್ಲಿ ಎರಡು ಸಲ ವಾಸ ಬದಲಿಸಿರುತ್ತಾಳೆ. ರಕ್ತಹೀನತೆ, ಬಿಪಿ, ಹಿಂದಿನ ಸಿಸೇರಿಯನ್ — ಇವೆಲ್ಲ ಬರೆದಿಡಲೇಬೇಕಾದದ್ದು ಇವಳ ವಿಷಯದಲ್ಲಿ. ಬರಹ ತಪ್ಪಿಹೋಗುವುದೂ ಇವಳದೇ.

ಮರಣದ ಕಡೆಯಿಂದ ನೋಡಿದರೂ ಇದೇ ಗೋಜಲು. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇರುವುದು ಬೆಂಗಳೂರಿನ ಈ ದಕ್ಷಿಣ ಭಾಗದಲ್ಲೇ. ಬೇರೆ ಜಿಲ್ಲೆಗಳಲ್ಲಿ ಹುಟ್ಟಿ, ಸ್ಥಿತಿ ಬಿಗಡಾಯಿಸಿದ ಕೂಸುಗಳನ್ನು ಅಲ್ಲಿಗೆ ಕಳಿಸುತ್ತಾರೆ. ಅಂಥ ಕೂಸು ಉಳಿಯದಿದ್ದರೆ ಹುಟ್ಟು ಒಂದು ಜಿಲ್ಲೆಯಲ್ಲಿ, ಸಾವು ಬೆಂಗಳೂರಿನಲ್ಲಿ ದಾಖಲಾಗುತ್ತದೆ. ಎರಡೂ ನಿಜವಾದ ದಾಖಲೆಗಳೇ, ಸುಳ್ಳು ಯಾವುದೂ ಇಲ್ಲ. ಆದರೂ ಅವನ್ನು ಹಾಗೆಯೇ ಕೂಡಿ ಶಿಶು ಮರಣ ಪ್ರಮಾಣ ತೆಗೆದರೆ ಕೂಸನ್ನು ಉಳಿಸಲು ಹೆಣಗಿದ ಊರು ಕೆಟ್ಟದ್ದಾಗಿಯೂ, ಹೆರಿಗೆಯಲ್ಲಿ ತಡಮಾಡಿದ ಊರು ಒಳ್ಳೆಯದಾಗಿಯೂ ಕಾಣುತ್ತದೆ. ತಾಯಿ ಎಲ್ಲಿಯವಳು ಎಂಬ ಒಂದು ವಿವರ ಸರಿಯಾಗಿ ಬಿದ್ದಿದ್ದರೆ ಈ ಗೊಂದಲ ಬಗೆಹರಿಯುತ್ತದೆ. ಜನನ ವರದಿಯ ನಮೂನೆ 1ರಲ್ಲಿ ಆ ಕಾಲಂ ಇದೆ: ತಾಯಿಯ ಸಾಮಾನ್ಯ ವಾಸಸ್ಥಳ, ಹೆರಿಗೆಯಾದ ಜಾಗವಲ್ಲ. ಆ ಕಾಲಂನಲ್ಲಿ ಕಣ್ಣುಮುಚ್ಚಿ ‘ಬೆಂಗಳೂರು’ ಎಂದು ಟೈಪ್ ಮಾಡಿದರೆ ಯಾರೂ ಕೇಳುವುದಿಲ್ಲ. ಪ್ರಮಾಣಪತ್ರದ ಮೇಲೆ ಅದು ಅಚ್ಚಾಗುವುದೇ ಇಲ್ಲ, ಹಾಗಾಗಿ ತಂದೆತಾಯಿಯೂ ತಿದ್ದಿಸಲು ಬರುವುದಿಲ್ಲ.

— ನಮೂನೆ 1ರ ಆ ಕಾಲಂ ಓದುವವರೇ ಕಡಿಮೆ, ಅದು ನಿಜ. ಆದರೆ ಸರ್ಕಾರ ನಿರ್ಧಾರ ತೆಗೆದುಕೊಳ್ಳುವುದು ಈ ರಿಜಿಸ್ಟರ್‌ಗಳ ಮೇಲಲ್ಲವಲ್ಲ. ಅದಕ್ಕೆಂದೇ ಮಾದರಿ ನೋಂದಣಿ ಪದ್ಧತಿ ಇದೆ, ನಾವು ಎಸ್‌ಆರ್‌ಎಸ್ ಎನ್ನುವುದು. ಕುಟುಂಬ ಆರೋಗ್ಯ ಸಮೀಕ್ಷೆ ಇದೆ. ತಾಯಂದಿರ ಮರಣ ಪ್ರಮಾಣ ಕರ್ನಾಟಕದಲ್ಲಿ ಲಕ್ಷ ಜನನಕ್ಕೆ 69, ದೇಶದಲ್ಲಿ 97 ಎಂದು 2018-20ರ ಅಂಕಿ ಬಂದದ್ದು ಎಸ್‌ಆರ್‌ಎಸ್‌ನಿಂದಲೇ. ಪ್ರತಿಯೊಬ್ಬಳನ್ನೂ ಹಿಂಬಾಲಿಸುವ ಬದಲು ಒಳ್ಳೆಯ ಮಾದರಿ ಸಾಕಲ್ಲವೇ?

— ರಾಜ್ಯದ ಆರೋಗ್ಯ ಹೇಗಿದೆ ಎಂದು ತಿಳಿಯಲು ಸಾಕು. ಬನಶಂಕರಿಯ ರೆಫರಲ್ ಆಸ್ಪತ್ರೆಗೆ ಇನ್ನೊಬ್ಬ ಅರಿವಳಿಕೆ ತಜ್ಞರು ಬೇಕೋ ಬೇಡವೋ ಎಂದು ತಿಳಿಯಲು ಸಾಲದು. ತಾಯಂದಿರ ಮರಣದ ಅಂಕಿಯನ್ನು ಮೂರು ಮೂರು ವರ್ಷ ಒಟ್ಟುಗೂಡಿಸಿ ಕೊಡುವುದೇಕೆ? ಮಾದರಿಯಲ್ಲಿ ಸಿಗುವ ಸಾವುಗಳು ಅಷ್ಟು ಕಡಿಮೆ, ಒಂದು ವರ್ಷದ್ದನ್ನು ನಂಬಲಾಗುವುದಿಲ್ಲ. ಇನ್ನು ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಜನನ ಸಮಯದ ಲಿಂಗಾನುಪಾತ 2015-16ರ ಸುತ್ತಿನಲ್ಲಿ ಸಾವಿರ ಗಂಡಿಗೆ 910 ಹೆಣ್ಣು ಇದ್ದದ್ದು 2019ರ ಸುತ್ತಿನಲ್ಲಿ 978ಕ್ಕೆ ಏರಿತು. ಯಾರ ಹಸ್ತಕ್ಷೇಪವೂ ಇಲ್ಲದಿದ್ದರೆ ನಿಸರ್ಗದಲ್ಲಿ ಅದು 950ರ ಆಸುಪಾಸಿನಲ್ಲಿರುತ್ತದೆ. ನಾಲ್ಕು ವರ್ಷದಲ್ಲಿ 68 ಅಂಕದ ಜಿಗಿತ, ಅದೂ ನಿಸರ್ಗದ ಮಟ್ಟವನ್ನೇ ದಾಟಿ! ಸಮೀಕ್ಷೆಯವರು ತಪ್ಪು ಮಾಡಿದರು ಎನ್ನುತ್ತಿಲ್ಲ. ರಾಜ್ಯದಲ್ಲಿ ಅವರು ಹೋದದ್ದು ಸುಮಾರು 26 ಸಾವಿರ ಮನೆಗಳಿಗೆ. ಅಷ್ಟರಲ್ಲಿ ಐದು ವರ್ಷದ ಹೆರಿಗೆಗಳು ಕೆಲವೇ ಸಾವಿರ ಸಿಗುತ್ತವೆ. ಅಷ್ಟು ಸಣ್ಣ ಸಂಖ್ಯೆಯಲ್ಲಿ ಹತ್ತಾರು ಅಂಕ ಆಕಸ್ಮಿಕವಾಗಿಯೇ ಅತ್ತಿತ್ತ ಓಲಾಡುತ್ತದೆ. ಪ್ರತಿ ಹುಟ್ಟನ್ನೂ ಬರೆಯುವ ರಿಜಿಸ್ಟರಿಗೆ ಆ ಓಲಾಟದ ಭಯವಿಲ್ಲ. ಲಿಂಗಾನುಪಾತದಂಥ ನಾಜೂಕಿನ ಅಳತೆಗೆ ಅದೇ ಬೇಕು.

2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ ಪೊಲೀಸರು ಹೊರಗೆಳೆದ ಹೆಣ್ಣುಭ್ರೂಣ ಹತ್ಯೆಯ ಜಾಲವನ್ನು ನೆನಪಿಸಿಕೊಳ್ಳಿ. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು ಎಂಬುದು ಆರೋಪ. ಅಲ್ಲಿ ಫಾರಂ ಎಫ್ ಎಲ್ಲಿಂದ ಬರಬೇಕು? ಆ ಜಾಲ ಸಿಕ್ಕಿಬಿದ್ದದ್ದು ಪೊಲೀಸರ ಕಣ್ಣಿಗೇ ಹೊರತು ಯಾವ ಆರೋಗ್ಯ ಪೋರ್ಟಲ್‌ನ ಕಣ್ಣಿಗೂ ಅಲ್ಲ. ಮೂರನೇ ತಿಂಗಳಲ್ಲಿ ತಾಯಿ ಕಾರ್ಡ್ ಆದ ಹೆಂಗಸರಲ್ಲಿ, ಅದರಲ್ಲೂ ಮೊದಲೇ ಹೆಣ್ಣುಮಕ್ಕಳಿರುವವರಲ್ಲಿ, ಎಷ್ಟು ಜನರ ಮುಂದಿನ ಸಾಲು ಐದನೇ ತಿಂಗಳಿಗೆ ಖಾಲಿಯಾಗುತ್ತದೆ ಎಂದು ತಾಲ್ಲೂಕುವಾರು ನೋಡಬಹುದಿತ್ತು. ಆದರೆ ತವರಿಗೆ ಹೋಗಿ, ವಾಸ ಬದಲಿಸಿ ಖಾಲಿಯಾದ ಸಾಲುಗಳ ರಾಶಿಯೇ ಎದುರಿಗಿರುವಾಗ, ಭ್ರೂಣ ತೆಗೆಸಿ ಖಾಲಿಯಾದ ಸಾಲು ಅದರಲ್ಲಿ ಕರಗಿಹೋಗುತ್ತದೆ. ನಿರಪಾಯದ ತಪ್ಪು ಎಂದು ನಾವು ಬಿಟ್ಟದ್ದು ಅಪಾಯದ ತಪ್ಪಿಗೆ ಮರೆಯಾಗುವುದು ಹೀಗೆ.

— ಸರಿ, ಎಣಿಕೆಯ ಮಾತಾಯಿತು. ಎಣಿಕೆಗೆ ಸಿಕ್ಕವರ ಬಗ್ಗೆ ಬರೆದದ್ದಾದರೂ ನಂಬುವಂತಿದೆಯೇ? ತೂಕ, ವಾರ, ವಯಸ್ಸು?

— ತೂಕದಿಂದಲೇ ಶುರುಮಾಡೋಣ. ಕಡಿಮೆ ತೂಕದ ಮಗು ಎಂದರೆ 2,500 ಗ್ರಾಂಗಿಂತ ಕೆಳಗಿನದು. 2,460 ಗ್ರಾಂ ತೂಗಿದ ಕೂಸನ್ನು ‘ಎರಡೂವರೆ ಕೆ.ಜಿ.’ ಎಂದು ಬರೆದರೆ ಬರೆದವರಿಗೆ ಅದು ಸುಳ್ಳು ಎನಿಸುವುದಿಲ್ಲ. ಆದರೆ ಆ 40 ಗ್ರಾಂ ಸೇರಿಸಿದ ಕೂಡಲೇ ಕೂಸು ಕಡಿಮೆ ತೂಕದವರ ಪಟ್ಟಿಯಿಂದ ಹೊರಗೆ ಬಿತ್ತು, ಆಶಾ ಹೆಚ್ಚು ಸಲ ಹೋಗಿ ನೋಡಬೇಕಾದ ಮನೆಗಳಿಂದ ಒಂದು ಮನೆ ಕೈಬಿಟ್ಟಿತು. ದೇಶದ ಸಮೀಕ್ಷೆಗಳಲ್ಲಿ ಜನನ ತೂಕದ ಅಂಕಿಗಳನ್ನು ಗೆರೆಯ ಮೇಲೆ ಹಾಕಿ ನೋಡಿದರೆ ಎರಡೂವರೆ, ಮೂರು ಎಂಬ ದುಂಡು ಸಂಖ್ಯೆಗಳ ಮೇಲೆ ಗುಡ್ಡೆ ಬಿದ್ದಿರುತ್ತದೆ. ಕೂಸುಗಳು ಹಾಗೆ ದುಂಡಗೆ ಹುಟ್ಟುವುದಿಲ್ಲ. ಗುಡ್ಡೆ ಬಿದ್ದಿರುವುದು ಬರೆಯುವ ಕೈಯಿಂದ.

ಸರಿಯಾಗಿ ಬರೆದರೆ ಏನು ಸಿಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ, ಪ್ರಪಂಚದ ವೈದ್ಯಕೀಯ ಪುಸ್ತಕಗಳಿಗೆ ಹೋದದ್ದು. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟರು, ತೂಕವನ್ನು ಪೌಂಡು-ಔನ್ಸಿನಲ್ಲಿ. ಆಗ ಅದರಿಂದ ಯಾರಿಗೂ ಪ್ರೋತ್ಸಾಹಧನವಿರಲಿಲ್ಲ, ಗುರಿ ಮುಟ್ಟಿದ ವರದಿಯೂ ಹೋಗಬೇಕಿರಲಿಲ್ಲ. ಆ ಪುಸ್ತಕಗಳು ಉಳಿದುಕೊಂಡವು. ಅರ್ಧ ಶತಮಾನದ ಬಳಿಕ ಸಂಶೋಧಕರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದವರನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ ತಪಾಸಣೆ ಮಾಡಿದರು. 517 ಜನರ ಆ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ, ಅತಿ ಹೆಚ್ಚು ತೂಕದ ಗುಂಪಿನವರಲ್ಲಿ ನೂರಕ್ಕೆ 3 ಜನರಿಗೆ. ಬಸುರಿಯ ಊಟ ಐವತ್ತು ವರ್ಷದ ಮೇಲೆ ಮಗನ ಎದೆಯಲ್ಲಿ ಮಾತಾಡುತ್ತದೆ ಎಂದು ದಕ್ಷಿಣ ಭಾರತದ ಮಟ್ಟಿಗೆ ತೋರಿಸಿಕೊಟ್ಟದ್ದು ಆ ಹೆರಿಗೆ ಪುಸ್ತಕ. ತೂಕವನ್ನು ಎರಡೂವರೆಗೆ ದುಂಡು ಮಾಡಿ ಬರೆದಿದ್ದರೆ ಆ ಗೆರೆಯ ಮೇಲೆ ಯಾವ ತೀರ್ಮಾನವೂ ನಿಲ್ಲುತ್ತಿರಲಿಲ್ಲ.

— ಅದು ಒಂದು ಆಸ್ಪತ್ರೆ ಸರ್, ಇಡೀ ಊರಲ್ಲ. ಆಗಿನ ಕಾಲದಲ್ಲಿ ಮಿಷನ್ ಆಸ್ಪತ್ರೆಗೆ ಹೆರಿಗೆಗೆ ಬಂದವರೂ ಎಲ್ಲ ಬಗೆಯ ಜನರಲ್ಲ. ಹುಡುಕಿದಾಗ ಸಿಕ್ಕವರೂ ಬದುಕಿ, ಊರು ಬಿಡದೆ ಇದ್ದವರಷ್ಟೇ.

— ಒಪ್ಪುತ್ತೇನೆ. ಅದಕ್ಕೇ ಅದು ಊರಿನ ಲೆಕ್ಕವಲ್ಲ, ಊರಿನ ಲೆಕ್ಕ ಹೇಗೆ ಬರೆಯಬೇಕೆಂಬುದಕ್ಕೆ ಮಾದರಿ ಮಾತ್ರ. ವಾರಗಳ ಲೆಕ್ಕವನ್ನೂ ನೋಡಿ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್‌ನಿಂದ ಬಸಿರಿನ ವಯಸ್ಸು ವಾರದೊಳಗಿನ ನಿಖರತೆಯಲ್ಲಿ ಗೊತ್ತಾಗುತ್ತದೆ. ಏಳನೇ ತಿಂಗಳ ಸ್ಕ್ಯಾನಿಂಗ್ ಎರಡು ಮೂರು ವಾರ ಹಿಂದುಮುಂದಾಗಬಹುದು. ಜೆ.ಪಿ. ನಗರದ ಖಾಸಗಿ ಆಸ್ಪತ್ರೆಯ ಫೈಲಿನಲ್ಲಿರುವ ‘37 ವಾರ’ವೂ, ತಡವಾಗಿ ಆರೋಗ್ಯ ಕೇಂದ್ರಕ್ಕೆ ಬಂದು ಕೊನೆಯ ಮುಟ್ಟಿನ ದಿನವನ್ನು ಹಬ್ಬದ ಲೆಕ್ಕದಲ್ಲಿ ನೆನಪಿಸಿಕೊಂಡವಳ ‘37 ವಾರ’ವೂ ಪೋರ್ಟಲ್‌ನಲ್ಲಿ ಒಂದೇ ಥರ ಕಾಣುತ್ತವೆ. ಎರಡನೆಯವಳ ಮಗು ಎರಡು ಕೆ.ಜಿ. ಇದ್ದರೆ ಅದು ತಿಂಗಳು ತುಂಬದೆ ಹುಟ್ಟಿದ್ದೋ, ತುಂಬಿಯೂ ಬೆಳೆಯದ್ದೋ? ಎರಡಕ್ಕೂ ಚಿಕಿತ್ಸೆ ಬೇರೆ, ಕಾರಣ ಬೇರೆ. ವಾರವನ್ನು ಹೇಗೆ ಗೊತ್ತುಮಾಡಿದರು, ಸ್ಕ್ಯಾನಿಂಗ್‌ನಿಂದಲೋ ತಾಯಿಯ ಮಾತಿನಿಂದಲೋ ಎಂಬ ಒಂದು ಗುರುತು ಪಕ್ಕದಲ್ಲಿದ್ದರೆ ಓದುವವರು ಎಷ್ಟು ನಂಬಬೇಕೋ ಅಷ್ಟು ನಂಬುತ್ತಾರೆ.

— ನೀವು ಹೇಳುತ್ತಿರುವ ಒಂದೊಂದು ಗುರುತೂ ಒಂದೊಂದು ಹೊಸ ಕಾಲಂ. ಅದನ್ನು ತುಂಬುವವರು ಯಾರು? 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತದ್ದು ಬರೀ ಗೌರವಧನದ ಮೊತ್ತಕ್ಕಲ್ಲ. ಆರ್‌ಸಿಎಚ್ ಪೋರ್ಟಲ್‌ಗೂ ತಮ್ಮ ಪ್ರೋತ್ಸಾಹಧನಕ್ಕೂ ಹಾಕಿದ ಗಂಟನ್ನು ಬಿಚ್ಚಿ ಎಂದು ಅವರು ವರ್ಷಗಳಿಂದ ಕೇಳುತ್ತಿದ್ದಾರೆ. ಗರ್ಭಿಣಿಯನ್ನು ಕರೆದುಕೊಂಡು ಹೋಗಿ ತಪಾಸಣೆ ಮಾಡಿಸಿದವಳು ಆಶಾ, ಎಂಟ್ರಿ ಮಾಡಬೇಕಾದವರು ಇನ್ನೊಬ್ಬರು. ಎಂಟ್ರಿ ತಪ್ಪಿದರೆ, ಸರ್ವರ್ ಕೈಕೊಟ್ಟರೆ ಹಣ ಹೋಗುವುದು ಆಶಾದು. ತವರಿಗೆ ಹೋದವಳ ಹೆರಿಗೆಯ ವಿವರ ಇಲ್ಲಿ ಬೀಳದಿದ್ದರೂ ಅಷ್ಟೇ. ಈ ಹೆಂಗಸರ ಮೇಲೆ ಇನ್ನಷ್ಟು ನಿಖರತೆಯ ಹೊರೆ ಹೊರಿಸುವುದು ನ್ಯಾಯವೇ?

— ನ್ಯಾಯವಲ್ಲ, ಉಪಯೋಗವೂ ಇಲ್ಲ. ನಮ್ಮ ಲೆಕ್ಕ ಕೆಡಲು ದೊಡ್ಡ ಕಾರಣವೇ ಆ ಗಂಟು. ಒಂದು ಸಂಖ್ಯೆ ಬಿದ್ದರೆ ದುಡ್ಡು, ಬೀಳದಿದ್ದರೆ ಇಲ್ಲ ಎಂದಾದಾಗ ಸಂಖ್ಯೆ ಬೀಳುತ್ತದೆ. ಅದರ ಹಿಂದೆ ಹೆಂಗಸು ಇದ್ದಾಳೆಯೇ ಎಂಬುದು ಎರಡನೆಯ ಮಾತಾಗುತ್ತದೆ. ದುಡಿದದ್ದಕ್ಕೆ ಹಣ ದುಡಿಮೆಯ ಮೇಲೆ ಸಿಗಬೇಕು, ಪೋರ್ಟಲ್‌ನ ಮೇಲಲ್ಲ. ಹೊಸ ಕಾಲಂಗಳನ್ನೂ ನಾನು ಅಷ್ಟಾಗಿ ಕೇಳುತ್ತಿಲ್ಲ. ಇರುವ ಕಾಲಂಗಳಲ್ಲಿ ಎಷ್ಟನ್ನೋ ತೆಗೆದುಹಾಕಬಹುದು. ಅವಳ ಹೆಸರು, ಗಂಡನ ಹೆಸರು, ವಿಳಾಸ, ವಯಸ್ಸನ್ನು ಐದು ಕಡೆ ಐದು ಜನ ಬರೆಯುವ ಬದಲು, ಹೆರಿಗೆಯಾದ ಕಡೆ ನಮೂನೆ 1ನ್ನು ತುಂಬುವಾಗ ತಾಯಿ ಕಾರ್ಡಿನ ಸಂಖ್ಯೆಯೊಂದನ್ನು ಹಾಕಿದರೆ ಉಳಿದದ್ದು ತಾನಾಗಿ ಬರಬೇಕು. ಆಗ ಹಾಸನದ ಹೆರಿಗೆ ಬಿಟಿಎಂ ಲೇಔಟಿನ ಸಾಲನ್ನು ತುಂಬುತ್ತದೆ, ಆಶಾ ಫೋನ್ ಹಚ್ಚಿ ‘ಹೆರಿಗೆ ಆಯಿತೇನಮ್ಮಾ, ಗಂಡೋ ಹೆಣ್ಣೋ’ ಎಂದು ಅಲೆಯಬೇಕಾಗಿಲ್ಲ. ಈ ಕೆಲಸ ಬೀಳಬೇಕಾದದ್ದು ಆಸ್ಪತ್ರೆಯ ಕೌಂಟರಿನ ಮೇಲೆ. ಖಾಸಗಿ ಆಸ್ಪತ್ರೆಗಳ ಮೇಲೂ ಅಷ್ಟೇ ಬೀಳಬೇಕು. ರಾಜ್ಯದ ಸಿಸೇರಿಯನ್ ಪ್ರಮಾಣ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 22.6, ಖಾಸಗಿಯಲ್ಲಿ 52.5 ಎಂದು ಅದೇ 2019ರ ಸಮೀಕ್ಷೆ ತೋರಿಸಿತು. ಈ ಅಂತರ ಗರ್ಭಿಣಿಯರ ಸ್ಥಿತಿಯಿಂದ ಬಂದದ್ದೋ, ಆಸ್ಪತ್ರೆಯ ರೂಢಿಯಿಂದ ಬಂದದ್ದೋ ಎಂದು ಬೇರ್ಪಡಿಸಲು ಹೆರಿಗೆಯ ಹಿಂದಿನ ಒಂಬತ್ತು ತಿಂಗಳ ದಾಖಲೆ ಹೆರಿಗೆಗೆ ಅಂಟಿಕೊಂಡಿರಬೇಕು.

ಇಂಥ ಜೋಡಣೆಗೆ ಹೊರಗಿನ ಉದಾಹರಣೆಯೂ ಇದೆ. ನಾರ್ವೆಯವರು 1967ರಲ್ಲಿ ವೈದ್ಯಕೀಯ ಜನನ ನೋಂದಣಿ ಶುರುಮಾಡಿದ್ದು ಥಾಲಿಡೊಮೈಡ್ ಎಂಬ ಮಾತ್ರೆ ಯೂರೋಪಿನಲ್ಲಿ ಸಾವಿರಾರು ಮಕ್ಕಳ ಕೈಕಾಲು ಕಸಿದುಕೊಂಡ ದುರಂತದ ಬೆನ್ನಲ್ಲೇ. ಬಸುರಿಯರು ನುಂಗಿದ್ದಕ್ಕೂ ಮಕ್ಕಳಿಗಾದದ್ದಕ್ಕೂ ಇರುವ ನಂಟನ್ನು ಹೇಳಬಲ್ಲ ಪುಸ್ತಕ ಆಗ ಯಾವ ದೇಶದಲ್ಲೂ ಇರಲಿಲ್ಲ. ಅವರದು ಸಣ್ಣ ದೇಶ, ಅವರ ಹಾಗೆ ನಾವು ಆಗಲು ಹೊರಡಬೇಕಿಲ್ಲ. ಅಲ್ಲಿಯ ನೋಂದಣಿ ಹುಟ್ಟಿದ ಮಕ್ಕಳಲ್ಲಿ ನಿಲ್ಲದೆ 16 ವಾರ ದಾಟಿದ ಬಸಿರನ್ನೆಲ್ಲ ಎಣಿಸಿತು ಎಂಬುದನ್ನು ಮಾತ್ರ ಗಮನಿಸಿ. ನಮ್ಮಲ್ಲಿ ಸತ್ತು ಹುಟ್ಟಿದ ಕೂಸುಗಳ ಗತಿ ನೋಡಿ. ಅದಕ್ಕೆ ಪ್ರತ್ಯೇಕ ನಮೂನೆ 3 ಇದೆ, ಕಾನೂನಿನ ಪ್ರಕಾರ ಕಡ್ಡಾಯ. ಆದರೆ ಅದರಿಂದ ಯಾವ ಪ್ರಮಾಣಪತ್ರದ ಉಪಯೋಗವೂ ಕುಟುಂಬಕ್ಕಿಲ್ಲ, ದುಃಖದಲ್ಲಿರುವವರು ಕೇಳಿ ಪಡೆಯುವುದೂ ಇಲ್ಲ. ದೇಶದ ಎಸ್‌ಆರ್‌ಎಸ್ ಅಂಕಿ ಸಾವಿರಕ್ಕೆ ಮೂರರ ಆಸುಪಾಸು ತೋರಿಸುತ್ತಿದ್ದಾಗ, 28 ವಾರ ದಾಟಿದ ಇಂಥ ಸಾವುಗಳು ಭಾರತದಲ್ಲಿ 2019ರಲ್ಲಿ ಸಾವಿರಕ್ಕೆ ಸುಮಾರು 14 ಎಂದು ವಿಶ್ವಸಂಸ್ಥೆಯ ಸಂಸ್ಥೆಗಳು ಅಂದಾಜು ಮಾಡಿದವು. ನಾಲ್ಕು ಪಟ್ಟಿನ ಈ ವ್ಯತ್ಯಾಸದಲ್ಲಿ ಲಕ್ಷಾಂತರ ತಾಯಂದಿರಿದ್ದಾರೆ. ಅವರಲ್ಲಿ ಎಷ್ಟು ಜನರಿಗೆ ಬಿಪಿ ಏರಿತ್ತು, ಎಷ್ಟು ಜನ ಹೆರಿಗೆ ನೋವಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿದರು? ಬರೆಯದ ಸಾವಿಗೆ ಕಾರಣ ಹುಡುಕಲು ಬರುವುದಿಲ್ಲ.

— ಒಂದು ಸಂಖ್ಯೆಯಿಂದ ಎಲ್ಲವನ್ನೂ ಕಟ್ಟಿಬಿಟ್ಟರೆ ನನಗೆ ಕಾಡುವ ಭಯ ಬೇರೆ. ಹದಿನೇಳರ ಹುಡುಗಿ ಗರ್ಭಿಣಿಯಾಗಿ ಬಂದರೆ ವೈದ್ಯರು ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಹೆದರಿ ಮನೆಯವರು ವಯಸ್ಸು ಹತ್ತೊಂಬತ್ತು ಎನ್ನುತ್ತಾರೆ. ಮದುವೆಯಾಗದವಳು ಬರುವುದೇ ಇಲ್ಲ. ಗರ್ಭಪಾತ ಮಾಡಿಸಿಕೊಂಡವಳು ಊರೆಲ್ಲ ಗೊತ್ತಾಗುತ್ತದೆಂದು ತಾಯಿ ಕಾರ್ಡನ್ನೇ ಮಾಡಿಸುವುದಿಲ್ಲ. ನೀವು ಬಲೆ ಬಿಗಿ ಮಾಡಿದಷ್ಟೂ ಇವರು ಬಲೆಯ ಹತ್ತಿರವೂ ಸುಳಿಯುವುದಿಲ್ಲ. ಆಗ ಲೆಕ್ಕವೂ ಕೆಡುತ್ತದೆ, ಹುಡುಗಿಗೆ ಚಿಕಿತ್ಸೆಯೂ ತಪ್ಪುತ್ತದೆ.

— ಇದುವರೆಗಿನ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು. ರಾಜ್ಯದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ನೂರಕ್ಕೆ 21.3 ಜನ 18 ತುಂಬುವ ಮೊದಲೇ ಮದುವೆಯಾದವರು ಎಂದು 2019ರ ಸಮೀಕ್ಷೆ ಹೇಳುತ್ತದೆ. ಅಂದಮೇಲೆ ಹೆರಿಗೆಯ ರಿಜಿಸ್ಟರುಗಳಲ್ಲಿ ಬರೆದ ತಾಯಿಯ ವಯಸ್ಸನ್ನು ಯಾವ ವಿವೇಕಿಯೂ ಹಾಗೆಯೇ ನಂಬಲಾರ. ಆದರೆ ಇಲ್ಲಿ ಲೆಕ್ಕ ಕೆಟ್ಟದ್ದು ಭಯದಿಂದ, ಜೋಡಣೆಯಿಂದಲ್ಲ. ಭಯ ತಗ್ಗಿಸುವ ದಾರಿಯನ್ನು ಕಾನೂನು ಸ್ವಲ್ಪ ಮಟ್ಟಿಗೆ ತೋರಿಸಿದೆ. 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆ, ಗರ್ಭಪಾತ ಮಾಡಿಸಿಕೊಂಡವಳ ಹೆಸರು ಹೊರಗೆಡಹಿದರೆ ಒಂದು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯ ವಿಷಯವನ್ನು ಪೊಲೀಸರಿಗೆ ತಿಳಿಸುವಾಗ, ಅವಳು ಬೇಡವೆಂದರೆ ವೈದ್ಯರು ಅವಳ ಗುರುತು ಹೇಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು. ನೋಂದಣಿಯೂ ಆ ದಾರಿಯಲ್ಲೇ ನಡೆಯಬೇಕು. ತಾಯಿ ಕಾರ್ಡಿನ ಸಾಲಿಗೆ ಹಿಂತಿರುಗಬೇಕಾದದ್ದು ಬಸಿರು ಮುಗಿಯಿತು ಎಂಬ ಸಂಗತಿ ಮತ್ತು ಯಾವ ವಾರದಲ್ಲಿ ಎಂಬುದಷ್ಟೇ. ಎಲ್ಲಿ, ಯಾರು, ಯಾಕೆ ಎಂಬುದು ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ಉಳಿಯಲಿ. ಆಶಾಗೆ ಕಾಣುವ ಪರದೆ ಬೇರೆ, ಅಂಕಿಅಂಶದವರಿಗೆ ಕಾಣುವ ಪರದೆ ಬೇರೆ ಇರಲಿ. ಎರಡನೆಯದರಲ್ಲಿ ಹೆಸರೇ ಬೇಡ. ಸಂಖ್ಯೆ ಕೊಡಲು ಒಲ್ಲದವಳ ಹೆರಿಗೆಯನ್ನು ಸಂಖ್ಯೆಯಿಲ್ಲದೆಯೇ ಬರೆದುಕೊಳ್ಳಬೇಕು, ಅದರಿಂದ ಅವಳಿಗೆ ಹಾಸಿಗೆ ಸಿಗುವುದು ಒಂದು ನಿಮಿಷವೂ ತಡವಾಗಬಾರದು.

— ಹಾಗೆ ಬಿಟ್ಟರೆ ನಿಮ್ಮ ಲೆಕ್ಕದಲ್ಲಿ ಮತ್ತೆ ತೂತು ಉಳಿಯುತ್ತದಲ್ಲ?

— ಉಳಿಯುತ್ತದೆ. ಎಷ್ಟು ದೊಡ್ಡ ತೂತು ಎಂದು ಆಗ ಗೊತ್ತಿರುತ್ತದೆ: ಇಷ್ಟು ಹೆರಿಗೆಗಳಲ್ಲಿ ಇಷ್ಟಕ್ಕೆ ಹಿಂದಿನ ದಾಖಲೆ ಸಿಗಲಿಲ್ಲ ಎಂದು ವರ್ಷದ ವರದಿಯಲ್ಲಿ ಅಚ್ಚು ಮಾಡಬಹುದು. ಈಗ ಅದೂ ಇಲ್ಲ. ಇದಕ್ಕಿಂತ ತುರ್ತಿನದು ಇನ್ನೊಂದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳಾದವು. ಗಡಿ ಬದಲಾದ ಕಡೆ ಹಳೆಯ ವರ್ಷಗಳ ಹುಟ್ಟು ಒಂದು ಊರಿನದಾಗಿ, ಹೊಸ ವರ್ಷಗಳದು ಬೇರೆ ಊರಿನದಾಗಿ ಕಾಣುತ್ತದೆ. ಇಳಿಕೆಯೋ ಏರಿಕೆಯೋ ಕಂಡರೆ ಅದು ತಾಯಂದಿರದ್ದೋ ನಕ್ಷೆಯದ್ದೋ ಎಂದು ಹೇಳಲಾಗದು. ತಾಯಿಯ ವಾಸಸ್ಥಳದ ಕಾಲಂನಲ್ಲಿ ಹಳೆಯ ವಾರ್ಡ್, ಹೊಸ ವಾರ್ಡ್ ಎರಡನ್ನೂ ಕೆಲವು ವರ್ಷ ಬರೆದುಕೊಂಡರೆ ಜಯನಗರ, ಬನಶಂಕರಿಗಳ ಸರಣಿ ತುಂಡಾಗದೆ ಉಳಿಯುತ್ತದೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ರಾಜ್ಯದ ಜನನ ಮರಣ ಮುಖ್ಯ ನೋಂದಣಾಧಿಕಾರಿ ಎಂದರೆ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರು. ಅವರ ಕಚೇರಿಯಿಂದ ಒಂದು ಸುತ್ತೋಲೆ ಹೊರಟರೆ ಕೆಲಸ ಶುರುವಾಗುತ್ತದೆ, ತಡಮಾಡಿದ ಒಂದೊಂದು ತಿಂಗಳೂ ಆ ತಿಂಗಳ ಹೆರಿಗೆಗಳಷ್ಟು ಸಾಲುಗಳನ್ನು ಮತ್ತೆ ಹೊಂದಿಸಲಾರದಂತೆ ಮಾಡುತ್ತದೆ.